ಅಮ್ಮನ ಹೆಬ್ಬೆಟ್ಟಿಗೆ ಬೀಗ

ಕುದ್ರೋಳಿಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಅಮ್ಮ ಮೂವತ್ತೈದು ವರ್ಷ ಬೀಡಿ ಕಟ್ಟಿದ್ದಾಳೆ. ತಡ್ಪೆಯನ್ನು ಮಡಿಲಲ್ಲಿಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಸುರುಟಿ ನೂಲು ಸುತ್ತುವ ಕೆಲಸ. ನನ್ನ ಕಾಲೇಜಿನ ಫೀಸು, ತಂಗಿಯ ಮದುವೆಯ ಸೀರೆ ಎಲ್ಲ ಆ ಎರಡು ಬೆರಳುಗಳಿಂದಲೇ ಬಂತು. ಬೆರಳುಗಳಿಂದ ಹೋದದ್ದು ಅವುಗಳ ಗೆರೆ.

ಗೆರೆ ಹೋದದ್ದು ನಮಗೆ ಗೊತ್ತಾದದ್ದು ರೇಷನ್ ಅಂಗಡಿಗೆ ಮೆಷಿನ್ ಬಂದ ಮೇಲೆ. "ಅಕ್ಕಾ, ತಂಬ್ ಬರುದಿಲ್ಲ. ಒರೆಸಿ ಪುನಃ ಕೊಡಿ" ಎನ್ನುತ್ತಾರೆ ಅಂಗಡಿಯವರು. ಅಮ್ಮ ಸೆರಗಿನಲ್ಲಿ ಒರೆಸಿ ಕೊಡುತ್ತಾಳೆ. ಬಲಗೈ ಆಯಿತು, ಎಡಗೈ ಆಯಿತು, ಕೊನೆಗೆ ಕಿರುಬೆರಳೂ ಆಯಿತು. ಇಪ್ಪತ್ತು ವರ್ಷಗಳಿಂದ ಅವಳನ್ನು ಬಲ್ಲ ಅಂಗಡಿಯವರು ಎದುರಿಗೇ ಇದ್ದಾರೆ. ಆದರೆ ಇವಳು ಇವಳೇ ಎಂದು ಹೇಳುವ ಅಧಿಕಾರ ಅವರಿಗಿಲ್ಲ, ಮೆಷಿನ್‌ಗೆ ಮಾತ್ರ.

ಒಂದು ಕಾಲದಲ್ಲಿ 'ಹೆಬ್ಬೆಟ್ಟು' ಎಂಬುದು ನಮ್ಮಲ್ಲಿ ಬೈಗುಳವಾಗಿತ್ತು. ಓದುಬರಹ ಬಾರದವನು ಎಂದು ಅರ್ಥ. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದ ದೊಡ್ಡ ಹೆಮ್ಮೆಯೇ ಹೆಬ್ಬೆಟ್ಟು ಒತ್ತುತ್ತಿದ್ದವರು ಸಹಿ ಹಾಕಲು ಕಲಿತರು ಎಂಬುದು. ಅಮ್ಮನೂ ರಾತ್ರಿ ತರಗತಿಗೆ ಹೋಗಿ ತನ್ನ ಹೆಸರಿನ ನಾಲ್ಕು ಅಕ್ಷರ ತಿದ್ದಿದವಳು. ಈಗ ಪಿಎಚ್‌ಡಿ ಮಾಡಿದವರೂ ಹೆಬ್ಬೆಟ್ಟು ಒತ್ತಬೇಕು, ಅಮ್ಮನ ಸಹಿಯನ್ನು ಕೇಳುವವರಿಲ್ಲ. ಇದನ್ನು ನಾವು ಪ್ರಗತಿ ಎನ್ನುತ್ತೇವೆ.

2023ರಲ್ಲಿ ಮಾವನ ಖಾತೆಯಿಂದ ಹತ್ತು ಸಾವಿರ ರೂಪಾಯಿ ಹೋಯಿತು. ಮಾವ ಅಂದರೆ ಅಮ್ಮನ ಅಣ್ಣ, ಬಹಳ ಜಾಗ್ರತೆಯ ಮನುಷ್ಯ. ಗುರುತಿಲ್ಲದ ನಂಬರಿನಿಂದ ಕರೆ ಬಂದರೆ ಎತ್ತುವುದೇ ಇಲ್ಲ. ಬ್ಯಾಂಕಿಗೆ ಓಡಿದಾಗ ಅಲ್ಲಿ ಕೇಳಿದ ಮೊದಲ ಪ್ರಶ್ನೆ, "ಒಟಿಪಿ ಯಾರಿಗಾದರೂ ಹೇಳಿದ್ದೀರಾ?" ಮಾವ ಹೇಳಿರಲಿಲ್ಲ. ಹೇಳಲು ಒಟಿಪಿ ಬಂದೇ ಇರಲಿಲ್ಲ. "ನೆನಪು ಮಾಡಿ ನೋಡಿ" ಎಂದರಂತೆ. ಹಣ ಹೋದದ್ದಕ್ಕಿಂತ ಹೆಚ್ಚಾಗಿ ಆ ಮಾತು ಮಾವನಿಗೆ ನಾಟಿತು. ಎರಡು ದಿನ ಅವರು ನಿಜಕ್ಕೂ ನೆನಪು ಮಾಡಿ ನೋಡಿದರು.

ಅದೇ ಸಮಯಕ್ಕೆ ಮಂಗಳೂರಿನಲ್ಲಿ ಇಂಥ ದೂರುಗಳು ಒಂದರ ಹಿಂದೊಂದು ಬರತೊಡಗಿದವು. ಜಾಗದ ನೋಂದಣಿ ಮಾಡಿಸಿದ್ದವರ ಖಾತೆಯಿಂದ ಹಣ ಹೋಗುತ್ತಿತ್ತು. ಕ್ರಯಪತ್ರದಲ್ಲಿ ಹೆಸರು, ವಿಳಾಸ, ಆಧಾರ್ ಸಂಖ್ಯೆ, ಹೆಬ್ಬೆಟ್ಟು ಎಲ್ಲವೂ ಇರುತ್ತವೆ. ನೋಂದಣಿಯ ಕಾವೇರಿ ಜಾಲತಾಣದಿಂದ ಅಂಥ ದಸ್ತಾವೇಜುಗಳನ್ನು ಇಳಿಸಿಕೊಂಡು ಬೆರಳಚ್ಚು ನಕಲು ಮಾಡಿದ್ದಾರೆ ಎಂಬ ಜಾಡು ಹಿಡಿದು ಪೊಲೀಸರು ಬಿಹಾರದಿಂದ ಕೆಲವರನ್ನು ಬಂಧಿಸಿದರು. ಮಾವನ ಹಣ ಯಾವ ದಾರಿಯಲ್ಲಿ ಹೋಯಿತೋ ನಮಗೆ ತಿಳಿಯಲಿಲ್ಲ.

ಈ ಹಣ ತೆಗೆಯುವ ವ್ಯವಸ್ಥೆಗೆ ಎಇಪಿಎಸ್ ಎಂದು ಹೆಸರು. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇಷ್ಟಿದ್ದರೆ ಸಾಕು. ಕಾರ್ಡು ಬೇಡ, ಪಿನ್ ಬೇಡ, ಒಟಿಪಿಯೂ ಬೇಡ. ಉದ್ದೇಶ ಒಳ್ಳೆಯದೇ. ಬ್ಯಾಂಕು ದೂರವಿರುವ ಹಳ್ಳಿಯ ಅಜ್ಜಿಗೆ ಮನೆ ಬಾಗಿಲಲ್ಲೇ ಪಿಂಚಣಿ ಸಿಗಲಿ ಎಂದು. ನನ್ನ ತಕರಾರು ಉದ್ದೇಶದ ಮೇಲಲ್ಲ. ನಾವು ಹೆಬ್ಬೆಟ್ಟನ್ನು ಎರಡು ವಿರುದ್ಧ ಕೆಲಸಗಳಿಗೆ ಹಚ್ಚಿದ್ದೇವೆ. ಕ್ರಯಪತ್ರದಲ್ಲಿ ಅದು ಸಹಿ. ಸಹಿ ಇರುವುದೇ ನಾಲ್ಕು ಜನ ನೋಡಲಿ ಎಂದು. ಬ್ಯಾಂಕಿನಲ್ಲಿ ಅದೇ ಬೀಗದ ಕೈ. ಬೀಗದ ಕೈಯನ್ನು ಯಾರೂ ನೋಡಬಾರದು. ಕಾಗದದ ಮೇಲೆ, ಲೋಟದ ಮೇಲೆ, ಬಸ್ಸಿನ ಕಂಬಿಯ ಮೇಲೆ ದಿನವಿಡೀ ಬಿಟ್ಟು ಬರುವ ವಸ್ತುವನ್ನು ಗುಟ್ಟು ಎನ್ನುವುದು ಹೇಗೆ?

ಪತ್ರಿಕೆಗಳು ಇದನ್ನು 'ಹೈಟೆಕ್ ವಂಚನೆ' ಎಂದವು. ಆದರೆ ಹೈಟೆಕ್ ಇದರಲ್ಲಿ ಬಹಳ ಏನೂ ಇಲ್ಲ. ಕಾಗದದ ಮೇಲಿನ ಗುರುತನ್ನು ಮೆತ್ತಗಿನ ವಸ್ತುವಿಗೆ ಇಳಿಸುವುದು ರಬ್ಬರ್ ಸ್ಟಾಂಪ್ ಮಾಡುವವರಿಗೆ ಹೊಸ ವಿದ್ಯೆಯಲ್ಲ. 2002ರಲ್ಲೇ ಜಪಾನಿನ ತ್ಸುತೊಮು ಮತ್ಸುಮೊತೊ ಎಂಬ ಪ್ರಾಧ್ಯಾಪಕರು ಮಿಠಾಯಿಗೆ ಹಾಕುವ ಜೆಲಾಟಿನ್‌ನಿಂದ ಬೆರಳು ಮಾಡಿ ಬೆರಳಚ್ಚಿನ ಯಂತ್ರಗಳನ್ನು ಮೋಸಗೊಳಿಸಿ ತೋರಿಸಿದ್ದರು. 2014ರಲ್ಲಿ ಜರ್ಮನಿಯ ಹ್ಯಾಕರ್‌ಗಳು ರಕ್ಷಣಾ ಸಚಿವೆಯ ಫೋಟೋಗಳಿಂದಲೇ ಅವರ ಹೆಬ್ಬೆರಳಿನ ಅಚ್ಚನ್ನು ರೂಪಿಸಿದೆವೆಂದರು. 2023ರ ಫೆಬ್ರುವರಿಯಲ್ಲಿ ಆಧಾರ್ ಪ್ರಾಧಿಕಾರ, ಬೆರಳು ಜೀವಂತವೋ ನಕಲಿಯೋ ಎಂದು ಕೃತಕ ಬುದ್ಧಿಮತ್ತೆ ಪತ್ತೆಹಚ್ಚುತ್ತದೆ ಎಂದು ಪ್ರಕಟಿಸಿತು. ನಮ್ಮ ಊರಿನ ದೂರುಗಳು ಬಂದದ್ದು ಅದೇ ವರ್ಷ, ಆ ಪ್ರಕಟಣೆಯ ನಂತರ. ಅಂದಿನಿಂದ ತಂತ್ರಜ್ಞಾನದ ಸುದ್ದಿಯಲ್ಲಿ 'ಸಂಪೂರ್ಣ ಸುರಕ್ಷಿತ' ಎಂಬ ಮಾತು ಬಂದರೆ, ಸೋತಾಗ ನಷ್ಟ ಯಾರದು ಎಂದು ಹುಡುಕುವುದು ನನ್ನ ಅಭ್ಯಾಸವಾಗಿದೆ. ಆ ಸಾಲು ಹೆಚ್ಚಾಗಿ ಇರುವುದಿಲ್ಲ.

ಇಷ್ಟು ಹೇಳುವ ನಾನು ಹೊಟ್ಟೆ ಹೊರೆಯುವುದು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ. ನಮ್ಮಲ್ಲೂ ಸುರಕ್ಷತೆ ಜೋರಾಗಿಯೇ ಉಂಟು. ನಲವತ್ತೈದು ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಬೇಕು. ಎಲ್ಲರೂ ಹಳೆಯದರ ಕೊನೆಗೆ ತಿಂಗಳ ಹೆಸರು ಸೇರಿಸುತ್ತಾರೆ. ಮರೆತುಹೋಗುವವರು ಚೀಟಿಯಲ್ಲಿ ಬರೆದು ಕೀಬೋರ್ಡಿನ ಅಡಿಗೆ ಇಡುತ್ತಾರೆ. ಹೀಗೆ ಕಾರಣವಿಲ್ಲದೆ ಪದೇ ಪದೇ ಬದಲಿಸುವುದು ಬೇಡವೆಂದು ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಹೇಳಿದೆ. ನಾನು ಇದನ್ನು ಒಮ್ಮೆ ಮೀಟಿಂಗಿನಲ್ಲಿ ಎತ್ತಿದೆ. "ಆಡಿಟ್‌ನವರು ಕೇಳ್ತಾರೆ ಮಾರಾಯ" ಎಂದರು ಮ್ಯಾನೇಜರ್. ವರ್ಷಕ್ಕೊಮ್ಮೆ ನಡೆಯುವ ತರಬೇತಿಯ ಮೊದಲ ಪುಟದಲ್ಲೇ, ಸುರಕ್ಷತೆಯ ಸರಪಳಿಯಲ್ಲಿ ಮನುಷ್ಯನೇ ಅತಿ ದುರ್ಬಲ ಕೊಂಡಿ ಎಂದು ಬರೆದಿರುತ್ತದೆ. ಬ್ಯಾಂಕಿನಲ್ಲಿ ಮಾವನಿಗೆ ಕೇಳಿದ ಪ್ರಶ್ನೆ ಹುಟ್ಟಿದ್ದು ಎಲ್ಲಿಂದ ಎಂದು ನನಗೆ ಆ ಪುಟ ನೋಡಿದಾಗ ಹೊಳೆಯಿತು. ಕೊಂಡಿ ಯಾವುದೆಂದು ಮೊದಲೇ ತೀರ್ಮಾನವಾಗಿದ್ದರೆ ವಿಚಾರಣೆ ಸುಲಭ.

ಮಾವನ ಪ್ರಕರಣದಲ್ಲಿ ದುರ್ಬಲ ಕೊಂಡಿ ಮಾವ ಅಲ್ಲ. ಕಾನೂನು ಒತ್ತು ಎಂದಲ್ಲಿ ಅವರು ಒತ್ತಿದ್ದರು, ಅಷ್ಟೇ. ಪಾಸ್‌ವರ್ಡ್ ಕದ್ದರೆ ಬದಲಿಸಬಹುದು. ಹೆಬ್ಬೆರಳನ್ನು ಬದಲಿಸುವುದು ಎಲ್ಲಿಂದ?

ಈ ಸುದ್ದಿಯನ್ನೆಲ್ಲ ನಾನು ಅಮ್ಮನಿಗೆ ವಿವರಿಸಿದೆ. ಅವಳು ತನ್ನ ಎರಡೂ ಕೈ ಬಿಡಿಸಿ ನೋಡಿಕೊಂಡಳು. "ನನ್ನ ಕೈ ನಾನೇ ಇಟ್ರೆ ಆಗುದಿಲ್ಲ. ಅಣ್ಣನ ಕೈ ಕಳ್ಳ ಇಟ್ರೆ ಆಗ್ತದಾ?" ಎಂದಳು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಪೊಲೀಸರು ಆಗ ಕೊಟ್ಟ ಸಲಹೆಯಂತೆ ನಾನು ಎಂ-ಆಧಾರ್ ಆ್ಯಪ್‌ನಲ್ಲಿ ಅಮ್ಮನ ಬಯೋಮೆಟ್ರಿಕ್ ಲಾಕ್ ಮಾಡಿದೆ. ಕೈಗೆ ಬೀಗ ಹಾಕಿದ ಹಾಗೆ. ಈಗ ಅಮ್ಮನ ಹೆಸರಿನಲ್ಲಿ ಯಾರ ಬೆರಳೂ ನಡೆಯುವುದಿಲ್ಲ, ಅಮ್ಮನದ್ದೂ ಸೇರಿ. ಸಲಹೆ ಸರಿಯೇ, ನೀವೂ ಮಾಡಿಕೊಳ್ಳಿ. ಆದರೆ ಅದರ ಇನ್ನೊಂದು ಮಗ್ಗುಲು ಗೊತ್ತಾದದ್ದು ಮುಂದಿನ ತಿಂಗಳ ಅಕ್ಕಿ ತರುವಾಗ. ಬೀಗ ತೆಗೆಯದೆ ಅಕ್ಕಿ ಇಲ್ಲ. ತೆಗೆಯುವ ಆ್ಯಪ್ ಇರುವುದು ನನ್ನ ಫೋನಿನಲ್ಲಿ. ತೆಗೆದರೂ ಸ್ವಲ್ಪ ಹೊತ್ತು ಮಾತ್ರ, ಆಮೇಲೆ ತಾನೇ ಮುಚ್ಚಿಕೊಳ್ಳುತ್ತದೆ.

ಹಾಗಾಗಿ ತಿಂಗಳಿಗೊಮ್ಮೆ, ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಸಾಮಾನ್ಯವಾಗಿ ಮೀಟಿಂಗಿನ ನಡುವೆಯೇ ನನ್ನ ಫೋನು ನಡುಗುತ್ತದೆ. ನಾನು ಎದ್ದು ಹೊರಗೆ ಬರುತ್ತೇನೆ. ಹಿಂದಿನಿಂದ ಕ್ಯೂವಿನ ಗದ್ದಲ ಕೇಳಿಸುತ್ತದೆ.

"ಮಗಾ, ನನ್ನ ಸರದಿ ಬಂತು. ಬೀಗ ತೆಗಿ."

ತೆಗೆಯುತ್ತೇನೆ. ಆಮೇಲೆ ಫೋನು ಇಡದೆ ಹಾಗೇ ನಿಂತಿರುತ್ತೇನೆ. ಅಲ್ಲಿಂದ ಅಂಗಡಿಯವರ ದನಿ ಬರುತ್ತದೆ: "ಅಕ್ಕಾ, ತಂಬ್ ಬರುದಿಲ್ಲ. ಒರೆಸಿ ಪುನಃ ಕೊಡಿ."