ಮಿಸ್, ಒಂದಕ್ಕೆ ಹೋಗ್ಲಾ? (ಭಾಗ 4)

ಇವತ್ತಿನ ವಿಷಯ ನಾವ್ಯಾರೂ ಜೋರಾಗಿ ಮಾತಾಡದೇ ಇರೋದು. ಮೂತ್ರದ ಸೋಂಕು, ಅಂದ್ರೆ ಯುಟಿಐ. ಅದೂ ಪುಟ್ಟ ಹುಡುಗಿಯರಲ್ಲಿ. ಹುಡುಗ್ರೂ ಓದಿ, ನಿಮ್ಗೂ ತಂಗಿ ಇದ್ದಾಳೆ.

ನನ್ನ ತಂಗಿಗೆ ಒಂಬತ್ತು ವರ್ಷ. ಹೋದ ಬೇಸಿಗೆಯಲ್ಲಿ ಸ್ಕೂಲಿಂದ ಬಂದವಳು ಬ್ಯಾಗೂ ಇಳಿಸದೆ ಬಾತ್‌ರೂಮಿಗೆ ಓಡ್ತಿದ್ಲು. ಒಂದಿನ ಒಳಗಿಂದ ಅಳೋ ಸದ್ದು. "ಉರಿಯುತ್ತೆ ಅಕ್ಕಾ..." ಅಜ್ಜಿ "ಉಷ್ಣ ಆಗಿದೆ" ಅಂತ ಕಾಲಿನ ಹೆಬ್ಬೆರಳಿಗೆ ಸುಣ್ಣ ಹಚ್ಚಿದ್ರು. ಅಮ್ಮ ಬಾರ್ಲಿ ನೀರು ಕುಡಿಸಿದ್ರು. ಮೂರನೇ ದಿನ ಚಳಿಜ್ವರ, ವಾಂತಿ. ಆಗ ಹೂಡಿ ಮೆಟ್ರೋ ಹತ್ತಿರದ ಕ್ಲಿನಿಕ್‌ಗೆ ಎತ್ಕೊಂಡು ಹೋದ್ವಿ.

ಡಾಕ್ಟರ್ ಅವಳನ್ನೇ ಕೇಳಿದ್ರು: "ಸ್ಕೂಲಲ್ಲಿ ಎಷ್ಟು ಸಲ ಒಂದಕ್ಕೆ ಹೋಗ್ತೀಯ ಪುಟ್ಟಿ?"
"ಹೋಗಲ್ಲ."
"ನೀರು?"
"ಕುಡಿಯಲ್ಲ. ಕುಡಿದ್ರೆ ಬರುತ್ತೆ ಅಂತ ಅಕ್ಕ ಹೇಳಿದಾಳೆ."

ಹೌದು ಕಣ್ರೇ, ಆ ಅಕ್ಕ ನಾನೇ. ಚಿಲಕ ಇಲ್ಲದ ಬಾಗಿಲು, ನೀರು ಬರದ ನಲ್ಲಿ. ಹತ್ತು ವರ್ಷ ನಾನು ಕಟ್ಕೊಂಡೇ ಕೂತಿದ್ದೆ. ಅದನ್ನ ಜಾಣತನ ಅನ್ಕೊಂಡು ಅವಳಿಗೂ ಕಲಿಸ್ದೆ.

ನಾನು ಬಿಕಾಂ ಹುಡುಗಿ, ಡಾಕ್ಟರ್ ಅಲ್ಲ. ಅವತ್ತು ಅವರು ತಿಳಿಸಿ ಹೇಳಿದ್ದು ಇಷ್ಟು:

▪️ ಹುಡುಗಿಯರಲ್ಲಿ ಮೂತ್ರ ಹೊರಗೆ ಬರೋ ದಾರಿ ತುಂಬಾ ಗಿಡ್ಡ. ದೊಡ್ಡವರಾದ್ಮೇಲೂ ಸುಮಾರು 4 ಸೆಂ.ಮೀ. ಅಷ್ಟೇ. ಕರುಳಲ್ಲಿರೋ ಇ. ಕೊಲೈ ಬ್ಯಾಕ್ಟೀರಿಯಾ ಸುಲಭವಾಗಿ ಮೇಲೆ ಹತ್ತುತ್ತೆ.
▪️ ಒಂದಕ್ಕೆ ಹೋದಾಗಲೆಲ್ಲ ಅದು ಕೊಚ್ಚಿಕೊಂಡು ಹೋಗುತ್ತೆ. ತಡೆದು ಕೂತ್ರೆ ಒಳಗೇ ಬೆಳೆಯುತ್ತೆ.
▪️ ಮಲಬದ್ಧತೆ! ಇದು ನಂಗೆ ಗೊತ್ತೇ ಇರ್ಲಿಲ್ಲ. ತುಂಬಿದ ಕರುಳು ಮೂತ್ರಕೋಶವನ್ನ ಒತ್ತುತ್ತೆ, ಅದು ಪೂರ್ತಿ ಖಾಲಿ ಆಗಲ್ಲ.
▪️ ತೊಳೆಯೋದು ಯಾವಾಗ್ಲೂ ಮುಂದಿನಿಂದ ಹಿಂದಕ್ಕೆ. ಒಳಗೆಲ್ಲ ಸೋಪು ಬೇಡ.
▪️ ಕೆಲವು ಮಕ್ಕಳಿಗೆ ಮೂತ್ರ ಕಿಡ್ನಿ ಕಡೆಗೆ ವಾಪಸ್ ಹೋಗೋ ತೊಂದರೆ ಹುಟ್ಟಿನಿಂದಲೇ ಇರುತ್ತೆ. ಸೋಂಕು ಪದೇ ಪದೇ ಬಂದ್ರೆ ಡಾಕ್ಟರ್ ಸ್ಕ್ಯಾನ್ ಹೇಳಬಹುದು.
▪️ ತೀರಾ ಚಿಕ್ಕ ಮಕ್ಕಳಲ್ಲಿ ಉರಿ ಗೊತ್ತಾಗದೆ ಬರೀ ಜ್ವರ ಇರಬಹುದು. ಸೋಂಕು ಕಿಡ್ನಿಗೆ ಹೋದ್ರೆ ಅಪಾಯ, ಕಾಯಬೇಡಿ.

ಮೂತ್ರ ಪರೀಕ್ಷೆ ಆಯ್ತು, ಆಂಟಿಬಯಾಟಿಕ್ ಕೊಟ್ರು. ಎರಡೇ ದಿನಕ್ಕೆ ಜ್ವರ ಬಿಡ್ತು, ಆದ್ರೂ ಕೋರ್ಸ್ ಪೂರ್ತಿ ಮುಗಿಸಿದ್ವಿ. ಆ ರಾತ್ರಿ ಅವಳು ಕೇಳಿದ್ದು ಮಾತ್ರ ಇನ್ನೂ ಚುಚ್ಚುತ್ತೆ: "ನಾನು ಗಲೀಜಾ ಅಕ್ಕ?"

ಇಲ್ಲ ಪುಟ್ಟಿ. ಗಲೀಜಾಗಿದ್ದಿದ್ದು ಆ ಟಾಯ್ಲೆಟ್.

2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ, ಕುಡಿಯೋ ನೀರು ಇರಲೇಬೇಕು ಅಂತ ಇದೆ. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯೋಕೆ 'ವಾಟರ್ ಬೆಲ್' ಬಂತು, ಕರ್ನಾಟಕದಲ್ಲೂ ತರೋ ಮಾತಾಯ್ತು. ಒಳ್ಳೇದೇ. ಆದ್ರೆ ಬೆಲ್ ಹೊಡೆದು ನೀರು ಕುಡಿಸಿದ್ಮೇಲೆ ಮಕ್ಕಳು ಹೋಗೋಕೆ ಒಂದು ಚಿಲಕ ಇರೋ ಬಾಗಿಲು ಬೇಡ್ವಾ?

ಅಪ್ಪ, ಅಮ್ಮ ಪೇರೆಂಟ್ಸ್ ಮೀಟಿಂಗಲ್ಲಿ ಮಾರ್ಕ್ಸ್ ಬಿಟ್ಟು ಮೊದಲ ಸಲ ಟಾಯ್ಲೆಟ್ ಬಗ್ಗೆ ಕೇಳಿದ್ರು. ಚಿಲಕ ಬಂದಿದೆ. ನಲ್ಲಿಗೆ ಇನ್ನೂ ಕೇಳ್ತಾನೇ ಇದೀವಿ.

ಇವತ್ತು ನಿಮ್ಮ ತಂಗಿಯ ವಾಟರ್ ಬಾಟಲ್ ಎತ್ತಿ ನೋಡಿ. ಬೆಳಿಗ್ಗೆ ತುಂಬಿಸಿದ್ದು ಸಂಜೆ ಹಾಗೇ ವಾಪಸ್ ಬಂದಿದ್ಯಾ? ಬೈಬೇಡಿ. ಪಕ್ಕ ಕೂತು ಯಾಕೆ ಅಂತ ಕೇಳಿ.

#ಹೂಡಿಹುಡುಗಿ #ಕಟ್ಕೊಂಡುಕೂರಬೇಡಿ