ತಾಂಡಾ ಶಾಲೆಯ ತಂಗಿಗೆ

ವಾಡಿ

ಪ್ರೀತಿಯ ತಂಗಿ,

ಕುಂಚಾವರಂ ಕಡೆಯ ಲಂಬಾಣಿ ತಾಂಡಾ ಶಾಲೆಗೆ ನಿನ್ನ ವರ್ಗವಾಯಿತೆಂದು ಅವ್ವ ಕಣ್ಣೀರು ಹಾಕಿದಳಂತೆ. ನನಗೆ ಮಾತ್ರ ಹಿಡಿಸಲಾರದಷ್ಟು ಖುಷಿ. ಸೇಡಂ, ಚಿತ್ತಾಪುರ, ಶಹಾಬಾದ್, ನಮ್ಮ ವಾಡಿ, ಈ ಕಡೆಯ ಮಕ್ಕಳು ತೊಗರಿ ಹೊಲ, ಫರ್ಸಿ ಗಣಿ, ಸಿಮೆಂಟ್ ಚಿಮಣಿ ನೋಡುತ್ತ ಬೆಳೆಯುತ್ತಾರೆ. ನಿನ್ನ ಮಕ್ಕಳ ಬೆನ್ನಿಗೇ ಚಿಂಚೋಳಿಯ ಕಾಡಿದೆ. 2011ರಲ್ಲಿ ವನ್ಯಜೀವಿಧಾಮವಾದ, 134 ಚದರ ಕಿಲೋಮೀಟರಿಗೂ ಮಿಕ್ಕಿದ ಬಯಲುಸೀಮೆಯ ಕಾಡು. ಅಂಥ ಕಡೆ ಗೋಡೆಯ ಚಾರ್ಟಿನಲ್ಲಿ ಗಿಡ ತೋರಿಸುತ್ತ ಕೂಡಬೇಡ ತಂಗಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ನೆನಪಿಡು. ವನ್ಯಜೀವಿಧಾಮದೊಳಗಿನ ಒಂದು ಎಲೆ, ಒಂದು ಗರಿಯೂ ಮಕ್ಕಳ ಕಿಸೆ ಸೇರಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ ಅಂತಷ್ಟೇ ಅಲ್ಲ, ಮೊದಲು ನೋಡುವುದನ್ನು ಕಲಿಯಲಿ. ಚಂದ್ರಂಪಳ್ಳಿ ಜಲಾಶಯದ ದಂಡೆಯಲ್ಲಿ ಕೂಡಿಸು, ಹಸಿಮಣ್ಣಿನ ಹೆಜ್ಜೆ ಯಾವುದರದ್ದು ಅಂತ ಅವರೇ ವಾದ ಮಾಡಲಿ. ಗಿಡದ ಹೆಸರು ಮೊದಲು ಲಂಬಾಣಿಯಲ್ಲೇ ಹೇಳಲಿ, ಕನ್ನಡ ತಾನಾಗಿ ಹಿಂದೆ ಬರುತ್ತದೆ. ಕಾಡು ನಿನಗಿಂತ ಅವರಿಗೇ ಹೆಚ್ಚು ಗೊತ್ತು.

ಕೈಕೆಲಸಕ್ಕೆ ಹೊಲ, ಬದು, ಹಿತ್ತಲು ಸಾಕು. ಬಿಳಿಜೋಳದ ರಾಶಿ ಮುಗಿದ ಮೇಲೆ ಒಣ ದಂಟು ಬೇಕಾದಷ್ಟು ಸಿಗುತ್ತದೆ. ಸಿಪ್ಪೆ ಸೀಳಿದರೆ ಒಳಗೆ ಹಗುರ ಬೆಂಡು. ಸಿಬಿರನ್ನೇ ಮೊಳೆ ಮಾಡಿ ಬೆಂಡಿಗೆ ಚುಚ್ಚುತ್ತ ಹೋದರೆ ಮೂಕಿ, ನೊಗ, ಗಾಲಿ ಎಲ್ಲ ಕೂಡಿ ಎತ್ತಿನ ಗಾಡಿ ನಿಲ್ಲುತ್ತದೆ. ಅಂಟು ಬೇಡ, ದಾರ ಬೇಡ. ಸಿಬಿರು ಬ್ಲೇಡಿನಂತೆ ಕೊಯ್ಯುತ್ತದೆ. ಸೀಳುವುದನ್ನು ನೀನು ಮಾಡು, ಜೋಡಿಸುವುದನ್ನು ಅವರಿಗೆ ಬಿಡು. ಗಾಡಿ ಒಂದು ಕಡೆ ವಾಲಿದರೆ ಕೈ ಹಾಕಬೇಡ. ಯಾವ ತುಂಡು ಗಿಡ್ಡ ಅಂತ ಮಗು ತಾನೇ ಅಳೆದು ನೋಡುತ್ತದೆ, ಅಳತೆಯ ಪಾಠ ಅಲ್ಲೇ ಆಯಿತು. ಬದುವಿನ ಮುತ್ತುಗದ ಎಲೆ ಹಚ್ಚಿ ಪತ್ರಾವಳಿ ಹೊಲಿಯುವುದನ್ನು ತಾಂಡಾದ ಅಜ್ಜಿಯರನ್ನೇ ಕರೆದು ಕಲಿಸು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಲು ಹೇಗೂ ಕರಿಮಣ್ಣು ಇದ್ದೇ ಇದೆ.

ಆಡಿಸುವುದೇ ಆದರೆ ಓದಿಸುವುದು ಯಾವಾಗ ಅಂತ ಯಾರಾದರೂ ಕೇಳಿದರೆ ಅಳುಕಬೇಡ. ನಾವು ದಿನಾ ಪಾಠ ಮಾಡುವ ನಲಿ-ಕಲಿ ಪದ್ಧತಿ ಶುರುವಾದದ್ದೇ 1995ರಲ್ಲಿ, ಹೆಗ್ಗಡದೇವನಕೋಟೆಯ ಕಾಡಂಚಿನ ಶಾಲೆಗಳಲ್ಲಿ. ಇವತ್ತು ಅದು ಬರೀ ಕಾರ್ಡು, ಗುಂಪಿನ ತಟ್ಟೆಗಳಲ್ಲಿ ಉಳಿದರೆ ಅದಕ್ಕಿಂತ ಬೇಸರ ಇನ್ನೊಂದಿಲ್ಲ.

ನಮ್ಮ ಬಿಸಿಲು ನಿನಗೆ ಗೊತ್ತೇ ಇದೆ. ಕಾಡಿನ ಪಾಠ ದೀಪಾವಳಿಯಿಂದ ಶಿವರಾತ್ರಿಯ ತನಕ, ಅದೂ ಮುಂಜಾನೆ. ಅರಣ್ಯ ಇಲಾಖೆಯ ಚಿಣ್ಣರ ವನ ದರ್ಶನ ಕಾರ್ಯಕ್ರಮದ ಬಗ್ಗೆ ವಲಯ ಕಚೇರಿಯಲ್ಲಿ ವಿಚಾರಿಸು. ಪಾಲಕರ ಒಪ್ಪಿಗೆ ಬರಹದಲ್ಲೇ ಇರಲಿ, ಒಳಗೆ ಹೋಗುವಾಗ ಜೊತೆಗೆ ಗಾರ್ಡ್ ಇರಲೇಬೇಕು. ಅದರ ಅರ್ಜಿಯನ್ನು ಈ ವಾರವೇ ಕೊಟ್ಟುಬಿಡು, ತಡ ಮಾಡಬೇಡ.

ನಿನ್ನ ಅಕ್ಕ