ಮಗಳು ಕಟ್ಟಿದ ಆಟದ ಪೆಟ್ಟಿಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಎರಡನ್ನೂ ನೋಡಿದ್ದಾಯಿತು. ಈ ಬೇಸಿಗೆ ರಜೆಯಲ್ಲಿ ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ಮೂರನೆಯದನ್ನೂ ನೋಡಿದೆ. ಅದು ವಿಡಿಯೋ ಗೇಮ್ ಪೆಟ್ಟಿಗೆ ಕಟ್ಟುವ ಕೆಲಸ!

ಇದು ಡಿಪ್ಲೊಮಾ ಓದುವ ಮಗಳ ಆಸೆ. ಹಿಂದೆ ಪಟ್ಟಣದ ಗೇಮ್ ಅಂಗಡಿಗಳಲ್ಲಿ ಆಳೆತ್ತರದ ಪೆಟ್ಟಿಗೆಗಳು ಇರುತ್ತಿದ್ದವಲ್ಲ, ಮೇಲೆ ಟೀವಿ, ಕೆಳಗೆ ಅಲ್ಲಾಡಿಸುವ ಕೋಲು, ಒತ್ತುವ ಗುಂಡಿ, ಅಂಥದ್ದು. "ಆಟಕ್ಕೆ ದುಡ್ಡು ಸುರೀಬೇಕಾ?" ಎಂದು ನಮ್ಮ ಯಜಮಾನರು ಗೊಣಗಿದರು. ಮೂಲೆಯಲ್ಲಿ ಕೂತಿದ್ದ ಅತ್ತೆಯವರು ಮಾತ್ರ, "ಅದ್ರೊಳಗ ಚೌಕಾಬಾರ ಆಡ್ಬೋದಾ ಮಗ?" ಎಂದು ಕೇಳಿದರು.

ಅತ್ತೆಗೆ ಎಪ್ಪತ್ತಾರು ವರ್ಷ. ಗಂಟುನೋವಿನಿಂದ ಬೆರಳು ಸೊಟ್ಟಗಾಗಿ, ಕವಡೆ ಹಿಡಿಯಲಾರದೆ ಆಟ ಬಿಟ್ಟು ಎರಡು ವರ್ಷವಾಗಿತ್ತು. ಆಟ ನಿಂತ ಮೇಲೆ ಆಡಲು ಬರುತ್ತಿದ್ದ ಅವರ ಗೆಳತಿಯರೂ ಬರುವುದು ನಿಂತಿತ್ತು. ಮಾತೂ ಕಡಿಮೆಯಾಗಿತ್ತು. ಆ ಒಂದು ಪ್ರಶ್ನೆಗೆ ಯಜಮಾನರು ಸುಮ್ಮನಾದರು.

ಮಗಳು ಹಲಗೆ ತರುವುದಕ್ಕೆ ಓಡಲಿಲ್ಲ. ಮೊದಲು ಯಾವ ಆಟಕ್ಕೆ ಏನು ಬೇಕು ಎಂದು ಬರೆದುಕೊಂಡಳು. 1980ರಲ್ಲಿ ಜಪಾನಿನ ತೋರು ಇವಾತಾನಿ ಎಂಬುವರು ಹೆಂಗಸರೂ ಬಂದು ಆಡಲಿ ಎಂದು ತಿನ್ನುವುದನ್ನೇ ವಿಷಯ ಮಾಡಿಕೊಂಡು 'ಪ್ಯಾಕ್-ಮ್ಯಾನ್' ರೂಪಿಸಿದರಂತೆ. ಅದನ್ನು ಆಡಲು ನಾಲ್ಕು ದಿಕ್ಕಿಗೆ ವಾಲುವ ಒಂದು ಕೋಲು ಸಾಕು. 1991ರ 'ಸ್ಟ್ರೀಟ್ ಫೈಟರ್ 2' ಎಂಬ ಗುದ್ದಾಟಕ್ಕೆ ಎಂಟು ದಿಕ್ಕಿನ ಕೋಲು, ಜೊತೆಗೆ ಆರು ಗುಂಡಿ. ನಮ್ಮ ಚೌಕಾಬಾರಕ್ಕೆ? ಕವಡೆ ಬಿಡಲು ಒಂದು ಗುಂಡಿ, ಕಾಯಿ ಆರಿಸಲು ಒಂದು ಕೋಲು. ಎಲ್ಲವೂ ಇರಲಿ ಎಂದು ಗುಂಡಿ ತುಂಬಿದರೆ ಅಜ್ಜಿ ಹತ್ತಿರವೇ ಬರುವುದಿಲ್ಲ ಎಂದು ಗುದ್ದಾಟದ ಆಟವನ್ನು ಕೈಬಿಟ್ಟಳು.

ಆಮೇಲೆ ರಟ್ಟು ಬಂತು. ರವಿಕೆ ಹೊಲಿಯುವವರು ಹೊಸ ಬಟ್ಟೆಗೆ ಕತ್ತರಿ ಹಾಕುವ ಮೊದಲು ಕಾಗದ ಕತ್ತರಿಸಿ ನೋಡುವುದಿಲ್ಲವೇ? ಹಾಗೆಯೇ ಇದು. ಡಬ್ಬಿ ಮುಚ್ಚಳಗಳನ್ನು ಗುಂಡಿಯೆಂದು ರಟ್ಟಿನ ಮೇಲಿಟ್ಟು ಅಜ್ಜಿಯ ಕೈ ಇರಿಸಿ ನೋಡಿದಳು. ಸಾಮಾನ್ಯ ಗುಂಡಿಯ ತೂತು 30 ಮಿಲಿಮೀಟರ್. ಅತ್ತೆಯ ಬೆರಳಿಗೆ ಅದು ಆಗದು. ಅಂಗೈಯಲ್ಲೇ ಒತ್ತುವ 60 ಮಿಲಿಮೀಟರಿನ ಉಬ್ಬು ಗುಂಡಿ ತರಿಸಿದೆವು. ಒಳಗಿನ ಪುಟ್ಟ ಮೈಕ್ರೋಸ್ವಿಚ್ಚುಗಳಲ್ಲೂ ಬಿಗಿ, ಹಗುರ ಎಂದಿವೆ. ಹಗುರವಾದದ್ದನ್ನೇ ಆರಿಸಿದಳು. ಕೋಲು ನಡುವೆ, ಎರಡು ಬದಿಗೂ ಒಂದೊಂದು ದೊಡ್ಡ ಗುಂಡಿ, ಎರಡಕ್ಕೂ ಒಂದೇ ಕೆಲಸ. ಒಂದು ಕೈ ನೋಯುವ ದಿನ ಇನ್ನೊಂದು ಕೈ ಇದೆ.

ಎತ್ತರದ ಮಾತು ಬಂದಾಗ ನಾನು ಬಾಯಿ ಹಾಕಿದೆ. ನಮ್ಮ ಅಡುಗೆಮನೆ ಕಟ್ಟೆಯನ್ನು ಮೇಸ್ತ್ರಿ ತನ್ನ ಆಳತೆಗೆ ಕಟ್ಟಿ ಹೋದ. ಇಪ್ಪತ್ತು ವರ್ಷದಿಂದ ನಾನು ಮಣೆ ಹತ್ತಿ ನಿಂತು ಮುದ್ದೆ ತಿರುವುತ್ತಿದ್ದೇನೆ! ಅಂಗಡಿಯ ಪೆಟ್ಟಿಗೆಗಳಲ್ಲೂ ಗುಂಡಿಯ ಹಲಗೆ ಮೂರಡಿಗೂ ಮೇಲೆ, ನಿಂತು ಆಡುವವರಿಗೆ. "ಇದು ಕೂತು ಆಡೋದಾಗಲಿ" ಎಂದೆ. ಅತ್ತೆಯನ್ನು ಅವರ ಕುರ್ಚಿಯಲ್ಲೇ ಕೂರಿಸಿ, ನೆಲದಿಂದ ಅಂಗೈವರೆಗೆ ಟೇಪು ಹಿಡಿದೆವು. 27 ಅಂಗುಲ. ಉಳಿದ ಅಳತೆಯೆಲ್ಲ ಅಲ್ಲಿಂದಲೇ ಹುಟ್ಟಿತು.

ನಿಮ್ಮ ಮಕ್ಕಳೂ ಆಸೆಪಟ್ಟರೆ, ಅವಳು ಅನುಸರಿಸಿದ ಕ್ರಮ ಹೀಗಿದೆ:

1. ಮರ ಮುಟ್ಟುವ ಮೊದಲು ಯಂತ್ರ ನಡೆಯಬೇಕು. ಹಳೆಯ ಕಂಪ್ಯೂಟರ್ ಪರದೆ, ಮಕ್ಕಳು ಪ್ರೋಗ್ರಾಂ ಕಲಿಯಲೆಂದು 2012ರಲ್ಲಿ ಬ್ರಿಟನ್ನಿನಲ್ಲಿ ಬಂದ ಅಂಗೈಯಗಲದ 'ರಾಸ್ಪ್‌ಬೆರಿ ಪೈ' ಕಂಪ್ಯೂಟರ್, ಗುಂಡಿಗಳು, ಎಲ್ಲವನ್ನೂ ಚಾಪೆಯ ಮೇಲೆ ಜೋಡಿಸಿ, ರಟ್ಟಿನ ಮೇಲೆಯೇ ಆಡಿ ನೋಡುವುದು.

2. ಬಾಗಿಲು ಅಳೆಯುವುದು. ನಮ್ಮ ನಡುಮನೆ ಬಾಗಿಲು 30 ಅಂಗುಲ, ಪೆಟ್ಟಿಗೆ 24. ಒಳಗೆ ಕಟ್ಟಿದ್ದು ಹೊರಗೆ ಹೋಗಬೇಕಲ್ಲ!

3. ಪಕ್ಕದ ಎರಡು ಪ್ಲೈವುಡ್ ಹಲಗೆಗಳನ್ನು ಒಂದರ ಮೇಲೊಂದಿಟ್ಟು ಬಿಗಿದು, ಒಟ್ಟಿಗೆ ಕೊಯ್ಯುವುದು. ಆಗ ಸೊಟ್ಟ ಬರುವುದಿಲ್ಲ.

4. ತೂತು ಕೊರೆದು, ಎಲ್ಲವನ್ನೂ ಒಮ್ಮೆ ಕೂರಿಸಿ ನೋಡಿ, ಬಿಚ್ಚಿ, ಬಣ್ಣ ಹೊಡೆದು, ಚೆನ್ನಾಗಿ ಒಣಗಿದ ಮೇಲೆಯೇ ಗುಂಡಿ, ತಂತಿ ಹಾಕುವುದು.

5. ಹಿಂದೆ ತೆಗೆದು ಹಾಕುವ ಬಾಗಿಲು, ಗಾಳಿಗೆ ತೂತು. ಕರೆಂಟಿನ ಮುಖ್ಯ ತಂತಿಯ ಕೆಲಸ ಮಾತ್ರ ಬಲ್ಲವರಿಂದಲೇ ಆಗಲಿ.

ಚೌಕಾಬಾರದ ಆಟ ಪೇಟೆಯಿಂದ ತಂದದ್ದಲ್ಲ, ಮಗಳೇ ಬರೆದದ್ದು. 25 ಮನೆ, ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಕಾಯಿ ಕಡಿಯುವುದು ಯಾವಾಗ, ಒಳಮನೆಗೆ ಹೋಗುವುದು ಯಾವಾಗ ಎಂದು ಅಜ್ಜಿ ಹೇಳಿದಂತೆ ಮೊಮ್ಮಗಳು ತಿದ್ದಿದಳು. ಎರಡು ವರ್ಷದಲ್ಲಿ ಅತ್ತೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಈಗ ಸಂಜೆಯಾದರೆ ಮೂವರು ಗೆಳತಿಯರು ಬರುತ್ತಾರೆ. ಅಂಗೈ ಒಂದು ಸಲ ಗುಂಡಿಯ ಮೇಲೆ ಬಿದ್ದರೆ "ಬಾರ!" ಎಂಬ ಕೂಗು ಬೀದಿಗೆ ಕೇಳಿಸುತ್ತದೆ. ಕಾಫಿ ಕಾಸುವ ಕೆಲಸ ನನಗೆ ಹೆಚ್ಚಾಗಿದೆ, ಆದರೂ ಬೇಸರವಿಲ್ಲ. ಯಾವ ವಸ್ತುವನ್ನೇ ಮಾಡಿಸಲಿ, ಬಳಸುವವರ ಕೈ ಮೊದಲು, ಹಲಗೆ ಆಮೇಲೆ. ಮುಂದಿನ ವರ್ಷ ಅಡುಗೆಮನೆ ರಿಪೇರಿ ಇದೆ. ರಟ್ಟನ್ನು ಈಗಲೇ ಅಟ್ಟದ ಮೇಲೆ ಎತ್ತಿಟ್ಟಿದ್ದೇನೆ.